ರಿವರ್ಸ್ ಗೇರಿನಲ್ಲಿ ಶೇಷ ಮೇಷ್ಟ್ರು

ಆ ಬೆಳಿಗ್ಗೆ ಬಂದ ಹೊಸ ಕಲಿಕೆಯವರು ಕಾರಿನೊಳಗೆ ಕೂತು, ಸೀಟು ಹಿಂದೆ ಮುಂದೆ ಜರುಗಿಸಿ, ಕನ್ನಡಿ ತಿದ್ದಿ, ಗಂಟಲು ಸರಿಮಾಡಿಕೊಂಡು, “ಸರಿ, ಶುರು ಮಾಡೋಣವೇ?” ಅಂದರು. ಪಕ್ಕದ ಸೀಟಿನಲ್ಲಿದ್ದ ಡ್ರೈವಿಂಗ್ ಕಲಿಸುವ ಅಕ್ಕ ಥಟ್ಟನೆ ಎದ್ದು ನಿಲ್ಲಲು ಹೋದಳು. ತಲೆ ಕಾರಿನ ಚಾವಣಿಗೆ ಠಪ್ಪೆಂದು ಬಡಿಯಿತು.

ಅವಳಿಗೆ ಆಗ ನಲವತ್ತು ದಾಟಿತ್ತು. ಮದುವೆಯಾಗಿ, ಇಬ್ಬರು ಮಕ್ಕಳನ್ನು ಹೆತ್ತು, ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದಳು. ಲಾರಿ ಡ್ರೈವರುಗಳನ್ನೇ ಕಣ್ಣಲ್ಲಿ ಹೆದರಿಸಿ ಪಕ್ಕಕ್ಕೆ ಸರಿಸುವ ಹೆಂಗಸು. ಆದರೂ ಆ ದನಿ ಕಿವಿಗೆ ಬಿದ್ದ ಕೂಡಲೇ ಕಾಲು ತನ್ನಷ್ಟಕ್ಕೆ ಎದ್ದು ನಿಂತುಬಿಟ್ಟಿತ್ತು. ‘ಶುರು’ ಅನ್ನುವಲ್ಲಿ ಸಣ್ಣಗೆ ಒಂದು ಸೀಟಿ. ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿಯಿಂದ ಹೊರಡುವ ಆ ಸೀಟಿ ಇಡೀ ಊರಿನಲ್ಲಿ ಒಬ್ಬರಿಗೇ ಇದ್ದದ್ದು. ಅವಳ ಲೆಕ್ಕದ ಮೇಷ್ಟ್ರಿಗೆ.

ಮಕ್ಕಳೆಲ್ಲ ಅವರನ್ನು ಶೇಷ ಮೇಷ್ಟ್ರು ಅನ್ನುತ್ತಿದ್ದರು. ಭಾಗಾಕಾರ ಮಾಡಿಸುವಾಗ ಬೆತ್ತಕ್ಕಿಂತ ಜೋರಾಗಿ ಬೀಸುತ್ತಿದ್ದ ಪ್ರಶ್ನೆ “ಶೇಷ ಎಷ್ಟು?”. ಹಲ್ಲಿನ ಸಂದಿಯಲ್ಲಿ ಎರಡೂ ಅಕ್ಷರ ಬುಸ್ ಬುಸ್ ಎನ್ನುತ್ತಿದ್ದರಿಂದ ಹೆಸರಿಗೂ ದನಿಗೂ ಹೇಳಿಮಾಡಿಸಿದ ಜೋಡಿಯಾಗಿತ್ತು. ಪಾಠ ಚೆನ್ನಾಗಿ ಮಾಡುತ್ತಿದ್ದರು. ಒಂದು ಪೊಟ್ಟಣ ಪೆಪ್ಪರಮೆಂಟು ತಂದು, ಎಲ್ಲರಿಗೂ ಸಮನಾಗಿ ಹಂಚಿ, ಕೊನೆಗೆ ಉಳಿದದ್ದನ್ನು ಎತ್ತಿ ಹಿಡಿದು “ಇದೇ ಶೇಷ” ಎಂದು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯಾವಾಗಲೂ ಒಂದು ಉಳಿದೇ ಉಳಿಯುತ್ತಿತ್ತು. ಅದು ಹೇಗೆಂದು ಮೊದಲು ಪತ್ತೆ ಹಚ್ಚಿದವಳು ಇವಳೇ. ಮೇಷ್ಟ್ರು ಹಾಜರಿ ಕೂಗಿ, ತಲೆ ಎಣಿಸಿ, ಆಮೇಲೆ ಅಂಗಡಿಗೆ ಹೋಗುತ್ತಿದ್ದರು.

ಸರಿ, ಮುಂದಿನ ಸಲ ಅವರು ಅಂಗಡಿಯಿಂದ ಬರುವಷ್ಟರಲ್ಲಿ ಇವಳು ಪಕ್ಕದ ಕ್ಲಾಸಿನಿಂದ ಒಬ್ಬ ಕುಳ್ಳಿಯನ್ನು ಕರೆತಂದು ಹಿಂದಿನ ಬೆಂಚಿನಲ್ಲಿ ತುರುಕಿದಳು. ಪೆಪ್ಪರಮೆಂಟು ಹಂಚಿ ಮುಗಿಯಿತು. ಕೈ ಖಾಲಿ. ಮೇಷ್ಟ್ರು ಪೊಟ್ಟಣವನ್ನು ತಲೆಕೆಳಗು ಮಾಡಿ ಕೊಡವಿದರು. ಒಂದು ಗಳಿಗೆ ಕ್ಲಾಸನ್ನೇ ದಿಟ್ಟಿಸಿದರು. ಆಮೇಲೆ ಬಹಳ ಸಮಾಧಾನದಿಂದ ಇವಳ ಕೈಯಿಂದ ಪೆಪ್ಪರಮೆಂಟು ತೆಗೆದುಕೊಂಡು, ಆಫೀಸಿಗೆ ಹೋಗಿ ಗಂಟೆ ಎಷ್ಟಾಯಿತು ನೋಡಿಕೊಂಡು ಬಾ ಅಂದರು. ಗಡಿಯಾರ ಅವರ ತಲೆಯ ಮೇಲೆಯೇ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ “ಈಗ ಶೇಷ ಎಷ್ಟು?” ಎಂಬ ಸೀಟಿ ಕೇಳಿಸಿತು.

ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು, ಮಕ್ಕಳ ಬಾಯಲ್ಲಿ, ‘ಅಂದ್ಕೊಳ್ಳಿ ಟೀಚರ್’. ಬಂಗಾರದಂಥ ಹೆಂಗಸು. ಆದರೆ ಅವರ ಕೈಯಲ್ಲಿ ಒಂದು ಪ್ರಯೋಗವೂ ನೆಟ್ಟಗೆ ಆದದ್ದಿಲ್ಲ. ನೀಲಿಯಾಗಬೇಕಾದ ದ್ರಾವಣ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಟೀಚರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಕ್ಕೂ ಬಲಕ್ಕೂ ವಾಲಿಸಿ, “ನೀಲಿ ಆಯ್ತು ಅಂದ್ಕೊಳ್ಳಿ” ಎಂದು ಮುಂದಕ್ಕೆ ಹೋಗುತ್ತಿದ್ದರು. ಅನಿಲಕ್ಕೆ ಬೆಂಕಿಕಡ್ಡಿ ಹಿಡಿದರೆ ಢಬ್ಬೆನ್ನಬೇಕು. ಕಡ್ಡಿ ಮಾತ್ರ ಪುಸಕ್ಕನೆ ಆರಿತು. “ಢಬ್ ಅಂತು ಅಂದ್ಕೊಳ್ಳಿ” ಅಂದರು ಟೀಚರ್. ಹೇಳಿದ ಮಾತು ಕೇಳುವ ಮಕ್ಕಳಲ್ಲವೇ, ಎಲ್ಲರೂ ಒಟ್ಟಿಗೆ “ಢಬ್!” ಎಂದು ಕಿರುಚಿದರು. ಹೆಡ್‌ಮಾಸ್ಟರು ಒಂದು ಕಾಲಿನ ಚಪ್ಪಲಿಯಲ್ಲೇ ಓಡಿಬಂದರು. ಪರೀಕ್ಷೆಯಲ್ಲಿ ದ್ರಾವಣದ ಬಣ್ಣ ಕೇಳಿದ್ದಕ್ಕೆ ಇವಳು ‘ನೀಲಿ ಅಂದುಕೊಂಡಿದ್ದೇವೆ’ ಎಂದು ಬರೆದಿದ್ದಳು. ಟೀಚರ್ ಪೂರ್ತಿ ಅಂಕ ಕೊಟ್ಟಿದ್ದರು.

ಇಂಥ ಇಬ್ಬರು ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂರುತ್ತಾರೆ, ಒಬ್ಬರು ಕೆಮ್ಮಿದರೆ ಇನ್ನೊಬ್ಬರು ನೀರಿನ ಲೋಟ ಸರಿಸುತ್ತಾರೆ ಎಂಬುದು ಮಕ್ಕಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಮಧ್ಯಾಹ್ನ ಇವಳು ಬೋರ್ಡಿನ ಮೇಲೆ ದಪ್ಪಗೆ ‘ಶೇಷ + ಅಂದ್ಕೊಳ್ಳಿ = ?’ ಎಂದು ಬರೆದಿಟ್ಟಳು. ಮೇಷ್ಟ್ರು ಒಳಗೆ ಬಂದು, ನೋಡಿ, ತಿರುಗಿಯೂ ನೋಡದೆ ಇವಳನ್ನು ಎಬ್ಬಿಸಿ ನಿಲ್ಲಿಸಿದರು. ಗೊದಮೊಟ್ಟೆಯ ಬಾಲದಂಥ ‘ಶ’ ಅವಳದ್ದು ಮಾತ್ರ. ಗುಡುಗು ಸಿಡಿಲು ಬೀಳುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದರು. ಮೇಷ್ಟ್ರು ಬಳಪ ಕೈಗೆತ್ತಿಕೊಂಡು ಪಾಠವನ್ನೇ ಮಾಡಿದರು. ಬೇರೆ ಬೇರೆ ಜಾತಿಯ ಅಳತೆಗಳನ್ನು ಕೂಡಿಸಲು ಬರುವುದಿಲ್ಲ, ಕಿಲೋಗೆ ಲೀಟರು ಕೂಡಿಸಲು ಆಗುತ್ತದೆಯೇ, ಲೆಕ್ಕವೇ ತಪ್ಪು ಎಂದರು.

ಅಷ್ಟರಲ್ಲಿ ಬಾಗಿಲಲ್ಲಿ ಟೀಚರ್. ಬೀಕರು ಕೇಳಿಕೊಂಡು ಬಂದಿದ್ದರೋ ಏನೋ. ಬೋರ್ಡು ನೋಡಿದರು, ಮೇಷ್ಟ್ರನ್ನು ನೋಡಿದರು.

“ಕೂಡಿಸೋಕೆ ಬರಲ್ಲ, ನಿಜ,” ಅಂದರು. “ಬೆರೆಸೋಕೆ ಬರುತ್ತೆ.”

ಮೇಷ್ಟ್ರ ಕಿವಿ ಟೊಮೇಟೊ ಹಣ್ಣಾಯಿತು. ಆ ವರ್ಷ ಬೇಸಿಗೆ ರಜೆಯಲ್ಲಿ ಇಬ್ಬರಿಗೂ ಮದುವೆಯಾಯಿತು. ಟೀಚರ್ ಜೀವನದಲ್ಲಿ ಸರಿಯಾಗಿ ಆದದ್ದು ಆ ಒಂದೇ ಪ್ರಯೋಗ ಎಂದು ಮಕ್ಕಳು ಆಡಿಕೊಂಡರು.

ಅಂಥ ಮೇಷ್ಟ್ರು ಈಗ ತಲೆ ನೆರೆತು, ನಿವೃತ್ತರಾಗಿ, ಎಡಗಾಲಲ್ಲಿ ಕ್ಲಚ್ ಹುಡುಕುತ್ತ ಕೂತಿದ್ದರು. ಅವಳ ಗುರುತು ಹಿಡಿದು ಖುಷಿಪಟ್ಟ ಮೇಲೆ ಒಂದು ಭಾಷೆ ತೆಗೆದುಕೊಂಡರು. ಮಗಳು ಹೊಸ ಕಾರು ಕೊಂಡು ಹಳೆಯದನ್ನು ಇವರ ಗೇಟಿನ ಮುಂದೆ ಬಿಟ್ಟುಹೋಗಿದ್ದಳು. ಸದ್ಯಕ್ಕೆ ಅದರ ಮೇಲೆ ಎದುರು ಮನೆಯ ಬೆಕ್ಕು ಮಲಗುತ್ತಿತ್ತು. ಈ ವಯಸ್ಸಿನಲ್ಲಿ ನಿಮಗೆಲ್ಲಿ ಬರುತ್ತೆ ಎಂದು ಮನೆಯಾಕೆ ನಕ್ಕಿದ್ದಳಂತೆ. ಆದ್ದರಿಂದ ಪಾಸಾಗುವ ತನಕ ಅವಳ ಕಿವಿಗೆ ಬೀಳಬಾರದು. ಅಕ್ಕ ತಲೆಯಾಡಿಸಿದಳು.

ಅದೇ ವಾರ ಮಧ್ಯಾಹ್ನದ ಪಾಠಕ್ಕೆ ಟೀಚರ್ ಬಂದರು. ಅವರು ಹೇಳಿದ್ದೂ ಅದೇ ಕಾರು, ಅದೇ ಬೆಕ್ಕಿನ ಕಥೆ. ಈ ವಯಸ್ಸಿನಲ್ಲಿ ನಿನಗೆಲ್ಲಿ ಬರುತ್ತೆ ಎಂದು ಯಜಮಾನರು ಸೀಟಿ ಹೊಡೆದಿದ್ದರಂತೆ. ಅವರಿಗೆ ಮಾತ್ರ ಗೊತ್ತಾಗಬಾರದು. ಅಕ್ಕ ನಗು ತಡೆಯಲು ಬೆಲ್ಟು ಹುಡುಕುವವಳಂತೆ ಬಗ್ಗಿ, ಮತ್ತೆ ತಲೆಯಾಡಿಸಿದಳು.

ಮೇಷ್ಟ್ರಿಗೆ ಪ್ರತಿಯೊಂದಕ್ಕೂ ಕಾರಣ ಬೇಕು. ಹಿಂದಕ್ಕೆ ಹೋಗುವಾಗ ಮೂತಿ ಯಾಕೆ ಆಚೆ ತಿರುಗುತ್ತದೆ ಎಂದು ತಿಳಿಯುವ ತನಕ ರಿವರ್ಸ್ ಗೇರು ಮುಟ್ಟಲಿಲ್ಲ. ತಿಳಿದ ಮೇಲೆ, ಹಸಿರು ದೀಪ ಬಿದ್ದು ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರೂ, ಗಾಜಿನ ಧೂಳಿನ ಮೇಲೆ ಬೆರಳಲ್ಲಿ ವೃತ್ತ ಬಿಡಿಸಿ ಅವಳಿಗೇ ವಿವರಿಸಿದರು. ಟೀಚರದ್ದು ಇನ್ನೊಂದು ಬಗೆ. ಎದುರಿಗೆ ಪ್ಲಾಸ್ಟಿಕ್ ಬಕೆಟ್ಟುಗಳ ತಳ್ಳುಗಾಡಿ ಬಂತು. ಬ್ರೇಕ್ ಹಾಕಿ ಟೀಚರ್ ಎಂದು ಅಕ್ಕ ಕೂಗಿದಳು.

“ಹಾಕಿದೆ ಅಂದ್ಕೊ,” ಅಂದರು ಟೀಚರ್, ಇನ್ನೂ ಕಾಲಲ್ಲಿ ಹುಡುಕುತ್ತ.

ಅಕ್ಕ ತನ್ನ ಕಡೆಯ ಬ್ರೇಕನ್ನು ನೆಲಕ್ಕೆ ತುಳಿದಳು. ಬಕೆಟ್ಟುಗಳು ಕೂದಲೆಳೆಯಲ್ಲಿ ಬಚಾವಾದವು. ಇಲ್ಲಿ ಅಂದುಕೊಂಡರೆ ಸಾಲದು ಎಂದು ಅವಳು ಗದರಿಸಿದಾಗ ಟೀಚರ್ ಶಾಲೆಯ ಹುಡುಗಿಯಂತೆ ನಾಲಿಗೆ ಕಚ್ಚಿಕೊಂಡರು. ಅವತ್ತಿನಿಂದ ಅವರ ಕಾಲು ಒಮ್ಮೆಯೂ ತಪ್ಪಲಿಲ್ಲ.

ಲೈಸೆನ್ಸ್ ಪರೀಕ್ಷೆಗೆ ಹೆಸರು ಕೊಡುವ ಹೊತ್ತು ಬಂತು. ಇಬ್ಬರನ್ನೂ ಬೇರೆ ಬೇರೆ ದಿನ ಕಳಿಸಿ ಗುಟ್ಟು ಕಾಪಾಡಬಹುದಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಇಬ್ಬರನ್ನೂ ಒಂದೇ ಬೆಳಿಗ್ಗೆಗೆ ಹಾಕಿ, ಏನೂ ಅರಿಯದ ಮುಖ ಮಾಡಿಕೊಂಡು ಮೈದಾನದ ಬೇಲಿಗೆ ಒರಗಿ ನಿಂತಳು.

ಮೇಷ್ಟ್ರು ಮನೆಯಲ್ಲಿ ಲೈಬ್ರರಿ ಎಂದು ಹೇಳಿ ಬಂದಿದ್ದರು. ಟೀಚರ್ ಗೆಳತಿಯ ಮನೆ ಎಂದು. ಮೊದಲ ಸರದಿ ಮೇಷ್ಟ್ರದ್ದು. ಮುಂದಕ್ಕೆ ಸೊಗಸಾಗಿಯೇ ಹೋದರು. ಹಿಂದಕ್ಕೆ ಬರುವಾಗ ಪರೀಕ್ಷೆಯ ಸಾಹೇಬರಿಗೆ ವೃತ್ತದ ಪಾಠ ಶುರು ಮಾಡಿದರೆಂದು ಕಾಣುತ್ತದೆ. ಕಾರು ಹಿಂದೆ ನಿಲ್ಲಿಸಿದ್ದ ಖಾಲಿ ಡ್ರಮ್ಮಿಗೆ ಧಡ್ಡೆಂದು ತಾಗಿ, ಡ್ರಮ್ಮು ಉರುಳುತ್ತ ಉರುಳುತ್ತ ಶೆಡ್ಡಿನ ನೆರಳಲ್ಲಿ ಸರದಿ ಕಾಯುತ್ತಿದ್ದ ಒಬ್ಬ ಹೆಂಗಸಿನ ಕಾಲ ಬಳಿ ನಿಂತಿತು. ಮೇಷ್ಟ್ರು ಕ್ಷಮೆ ಕೇಳಲೆಂದು ಇಳಿದು ಓಡಿದರು. ಓಡಿದವರು ಅರ್ಧ ದಾರಿಯಲ್ಲೇ ಕಂಬದಂತೆ ನಿಂತರು.

“ಇದು ನಿನ್ನ ಗೆಳತಿ ಮನೆಯೇ?” ಅಂದರು.

“ನೀವು ಇದನ್ನ ಲೈಬ್ರರಿ ಅಂದ್ಕೊಂಡಿದ್ದೀರಲ್ಲ,” ಅಂದ ಟೀಚರ್, ತಮ್ಮ ಹೆಸರು ಕೂಗಿದ್ದು ಕೇಳಿ, ಗಂಡನ ಕೈಗೆ ಕೈಚೀಲ ಕೊಟ್ಟು ಹೋಗಿ ಕಾರು ಹತ್ತಿದರು. ಮುಂದಕ್ಕೆ, ಹಿಂದಕ್ಕೆ, ತಿರುವಿನಲ್ಲಿ, ಇಳಿಜಾರಿನಲ್ಲಿ, ಎಲ್ಲೂ ಕೂದಲು ಕೊಂಕಲಿಲ್ಲ. ಮೇಷ್ಟ್ರು ಕೈಚೀಲವನ್ನು ಎದೆಗವಚಿಕೊಂಡು ಬಾಯಿ ತೆರೆದೇ ನೋಡುತ್ತಿದ್ದರು. ಕಾರು ಡ್ರಮ್ಮಿನ ಪಕ್ಕ ಗೆರೆ ಎಳೆದಂತೆ ಬಂದು ನಿಂತಾಗ ತಮಗೆ ತಿಳಿಯದೆ ಚಪ್ಪಾಳೆ ತಟ್ಟಲು ಹೋಗಿ ಚೀಲ ಕೆಳಗೆ ಬೀಳಿಸಿದರು.

ಆಮೇಲೆ ಅಕ್ಕನ ಕಡೆ ತಿರುಗಿದರು. ನಿನಗೆ ಇಬ್ಬರ ಗುಟ್ಟೂ ಗೊತ್ತಿತ್ತು ತಾನೇ ಎಂಬ ಪ್ರಶ್ನೆ ಕಣ್ಣಲ್ಲೇ ಇತ್ತು. ಅಕ್ಕ ನೆಲ ನೋಡಿದಳು. ತುಟಿ ಮಾತ್ರ ಮಾತು ಕೇಳಲಿಲ್ಲ, ನಗು ಸೋರಿಹೋಯಿತು. ಬುಸ್ ಎಂಬ ಸದ್ದು ಕೇಳಿ ತಲೆಯೆತ್ತಿದರೆ ಮೇಷ್ಟ್ರು ನಗುತ್ತಿದ್ದರು. ಅವರು ಹಾಗೆ ಮನಬಿಚ್ಚಿ ನಗುವುದನ್ನು ಅವಳು ಶಾಲೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಎರಡನೇ ಸಲಕ್ಕೆ ಅವರೂ ಪಾಸಾದರು. ಡ್ರಮ್ಮು ಇಟ್ಟ ಜಾಗವೇ ತಪ್ಪು ಎಂಬ ವಾದವನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಹೋಗುವಾಗ ಒಬ್ಬರು, ಬರುವಾಗ ಒಬ್ಬರು ಎಂದು ಸ್ಟೇರಿಂಗ್ ಹಂಚಿಕೊಂಡಿದ್ದಾರೆ. ಹಾರನ್ನಿಗಿಂತ ಮೊದಲು ಇಬ್ಬರ ಜಗಳ ಕೇಳಿಸುವುದರಿಂದ ಬೀದಿಯ ಜನ ತಾವಾಗಿಯೇ ದಾರಿ ಬಿಡುತ್ತಾರೆ.

ಮೊನ್ನೆ ಮಾರ್ಕೆಟ್ಟಿನ ಮುಂದೆ ಇಬ್ಬರೂ ಕಾರಿನ ಹೊರಗೆ ನಿಂತಿದ್ದರು. ಕೀಲಿ ಒಳಗೆ ನೇತಾಡುತ್ತಿತ್ತು. ಬಾಗಿಲು ಹಾಕಿದವರು ಯಾರೆಂಬ ವಿಚಾರಣೆ ನಡೆದಿತ್ತು. ಆ ದಾರಿಯಲ್ಲೇ ಬಂದ ಅಕ್ಕ ಪಕ್ಕದ ಟೈಲರ್ ಅಂಗಡಿಯಿಂದ ಕಬ್ಬಿಣದ ಸ್ಕೇಲು ತಂದಳು. ಮೇಷ್ಟ್ರು ಅದನ್ನು ಕಸಿದುಕೊಂಡು, ಸ್ಕೇಲಿನ ವಿಷಯ ನನಗೆ ಬಿಡು ಎಂದು ಕಿಟಕಿಯ ಸಂದಿಯಲ್ಲಿ ಇಳಿಸಿದರು. ಸ್ಕೇಲು ಜಾರಿ ಬಾಗಿಲೊಳಗೆ ಬಿದ್ದುಹೋಯಿತು. ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಇನ್ನೊಂದು ಸ್ಕೇಲು ತರಲು ಹೊರಟಳು. ಟೈಲರು ಮಾತ್ರ ಈ ಸಲ ತಾನೂ ಜೊತೆಗೇ ಬರುತ್ತೇನೆಂದು ಹಟ ಹಿಡಿದ.