ಒಳಗಿನಿಂದ ಬಡಿದ ಬಾಗಿಲು

ಅಂಬಕ್ಕ ಮನೆಯಿಂದ ಹೊರಗೆ ಬರುವ ಮೊದಲು ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಹೊರಗಿನವರು ಒಳಗೆ ಬರಲು ಬಡಿಯುತ್ತಾರಲ್ಲ, ಹಾಗೆಯೇ, ಬೆರಳ ಗೆಣ್ಣಿನಿಂದ, ಸಾವಕಾಶವಾಗಿ. ಬಡಿದು ಕೊಂಚ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ "ಸರೀರೆಪಾ, ನಾವು ಬರಾಕತ್ತೇವಿ" ಎಂಬ ದನಿ. ಆಮೇಲೆ ಕಬ್ಬಿಣದ ಚಿಲಕ ಸರಿಯುವ ಸದ್ದು. ಆ ಮನೆಯಲ್ಲಿ ಇದ್ದವರು ಅವರೊಬ್ಬರೇ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಅಪಾರ್ಟ್‌ಮೆಂಟು. ಮೂರನೆಯ ಮಹಡಿಯಲ್ಲಿ ನನ್ನ ಮನೆ, ಎದುರಿಗೆ ಅಂಬಕ್ಕನ ಮನೆ. ಇಡೀ ಕಟ್ಟಡದಲ್ಲಿ ಎಲ್ಲರದೂ ಒಂದೇ ನಮೂನೆಯ ಪ್ಲೈವುಡ್ ಬಾಗಿಲು. ಅಂಬಕ್ಕನದು ಮಾತ್ರ ತೇಗದ ಹಳೆಯ ಬಾಗಿಲು. ಚೌಕಟ್ಟು, ಹೊಸ್ತಿಲ ಸಮೇತ ಗೋಡೆ ಒಡೆದು ಕೂಡಿಸಿದ್ದು. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಹಳೇ ಊರಿನ ಜನ ಮನೆ ಬಿಡುವಾಗ ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿಕೊಂಡು ಬಂದರಂತೆ. ಅಂಬಕ್ಕನ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದರು. ಇವರು ಒಂದು ಬಾಗಿಲನ್ನಷ್ಟೇ ತಂದರು. ಬಾಡಿಗೆ ಮನೆಗಳಲ್ಲಿ ಅದು ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿತ್ತು. ಫ್ಲ್ಯಾಟು ಕೊಂಡ ಮೇಲೆ ಮತ್ತೆ ಬಾಗಿಲಾಯಿತು. ಮಳೆಗಾಲದಲ್ಲಿ ಅದು ಉಬ್ಬುತ್ತಿತ್ತು, ಮತ್ತು ಕಾರಿಡಾರಿನಲ್ಲಿ ಹೊಳೆಯ ರಾಡಿಯ ವಾಸನೆ ಬರುತ್ತಿತ್ತು. ವಾಸನೆ ಬರುತ್ತಿತ್ತೋ, ಬಾಗಿಲಿನ ಕಥೆ ಕೇಳಿದ ಮೇಲೆ ನನಗೆ ಬರತೊಡಗಿತೋ ಗೊತ್ತಿಲ್ಲ.

ಯಾಕೆ ಬಡಿಯುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ನೀರು ಏರಾಕತ್ತಾಗ ಹಾವು, ಚೇಳು ಎಲ್ಲಾ ಕಟ್ಟಿ ಹತ್ತಿ ಕುಂಡ್ರತಿದ್ವು ತಂಗಿ. ಬಡದ ಬಾಗಲಾ ತಗೀಬೇಕು. ಅವುಕ್ಕೂ ಸರಿಯಾಕ ಯಾಳೆ ಬೇಕಲ್ಲ?"

"ಇಲ್ಲಿ ಮೂರನೇ ಮಾಳಿಗಿಗೆ ಹಾವು ಎಲ್ಲಿಂದ ಬರಬೇಕ್ರಿ?"

ಅವರು ನನ್ನನ್ನು ಸಣ್ಣ ಹುಡುಗಿಯನ್ನು ನೋಡುವಂತೆ ನೋಡಿದರು. "ಹೊರಗ ಏನೈತಿ ಅಂತ ನಿನಗ ಖಾತ್ರಿ ಇರಬಹುದು. ನಿನ್ನ ಬಾಗಲಾ ಹೊಸಾದು. ನಂದು ಈ ಜಗಾ ನೋಡಿ ಎಷ್ಟರ ದಿನಾ ಆಗೈತಿ? ಅದಕ್ಕ ಇನ್ನೂ ಓಣೀನ ನೆನಪ."

ಇದನ್ನು ಅವರು ಹೀಗೆಯೇ ಹೇಳಿದರೆಂದು ಪ್ರಮಾಣ ಮಾಡಲಾರೆ. ಆದರೆ ಆ ದಿನದಿಂದ ಅವರ ಬಾಗಿಲು ತೆರೆಯುವಾಗೆಲ್ಲ ನಾನು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದುದು ನಿಜ.

ಅವ್ವ ತೀರಿಕೊಂಡ ವರ್ಷ ನಾನು ನಾಯಿಮರಿ ತಂದೆ. ಹುನಗುಂದದ ಮನೆ ಬಿಟ್ಟು ನನ್ನ ಕಾಲೇಜಿನ ನೌಕರಿಗಾಗಿ ಅವ್ವ ನನ್ನ ಜೊತೆ ಈ ಫ್ಲ್ಯಾಟಿಗೆ ಬಂದಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಉಸಿರಾಡುವುದು ಫ್ರಿಜ್ಜು ಒಂದೇ ಅನ್ನಿಸತೊಡಗಿತ್ತು. ಸಹೋದ್ಯೋಗಿಯೊಬ್ಬರು ತಮ್ಮ ತೋಟದಲ್ಲಿ ಹುಟ್ಟಿದ ಮುಧೋಳ ಮರಿಯೊಂದನ್ನು ಕೊಟ್ಟರು. ಬಯಲಿನಲ್ಲಿ ಮೊಲ ಅಟ್ಟಬೇಕಾದ ಜಾತಿಯನ್ನು ಮೂರನೆಯ ಮಹಡಿಗೆ ತಂದು ಕಟ್ಟಿದ್ದು ನನ್ನ ಬುದ್ಧಿಗೇಡಿತನ. ಸಜ್ಜೆಯ ಕಾಳಿನ ಬಣ್ಣ, ಹಾಗಾಗಿ ಸಜ್ಜಿ. ಬೊಗಳುತ್ತಲೇ ಇರಲಿಲ್ಲ. ಬೆತ್ತದಂಥ ಬಾಲ, ಆಡಿಸಿದರೆ ಕಪಾಟು, ಕುರ್ಚಿ ಎಲ್ಲ ಟಕಟಕ ಎನ್ನುತ್ತಿದ್ದವು. ನಾನು ಮತ್ತೆ ರಾತ್ರಿಯಿಡೀ ನಿದ್ದೆ ಮಾಡತೊಡಗಿದ್ದೆ.

ಸಮಸ್ಯೆ ಒಂದೇ. ಮನೆಯೊಳಗೆ ಹಾಸಿದ ಪೇಪರನ್ನು ಸಜ್ಜಿ ಮೂಸಿಯೂ ನೋಡುತ್ತಿರಲಿಲ್ಲ. ಕೆಳಗೆ ಒಯ್ದರೆ ಸುಮ್ಮನೆ ನಿಲ್ಲುತ್ತಿತ್ತು. ಬಾಗಿಲು ತೆರೆದದ್ದೇ ತಡ, ಕಾರಿಡಾರಿನಲ್ಲಿ ಓಡಿಹೋಗಿ ಅಂಬಕ್ಕನ ಹೊಸ್ತಿಲಿನ ಎಡಕ್ಕೆ, ಗೋಡೆಯ ಬುಡದಲ್ಲಿ ಕುಳಿತು ಉಚ್ಚೆ ಹೊಯ್ಯುತ್ತಿತ್ತು. ಪ್ರತಿಸಲವೂ ಅದೇ ಜಾಗ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ದೇಸಾಯರು ಮೂಗಿಗೆ ಕರ್ಚೀಫು ಹಿಡಿದು ಬಂದರು.

"ಮೇಡಮ್ಮಾರ, ದೀಪಾವಳಿತನಾ ನೋಡತೇವ್ರಿ. ಆಮ್ಯಾಲ ಒಂದ ಸಲ ಕಾರಿಡಾರದಾಗ ಕಂಡ್ರ ನಾಯಿ ತೋಟಕ್ಕ ವಾಪಸ್. ಮೀಟಿಂಗದಾಗ ಎಲ್ಲಾರೂ ಹೂಂ ಅಂದಾರ."

ಮರುದಿನ ಸಜ್ಜಿ ಮತ್ತೆ ಅಲ್ಲೇ ಹೊಯ್ದಾಗ ನನ್ನ ತಲೆ ಕೆಟ್ಟಿತು. ಕತ್ತು ಹಿಡಿದು ಅದರ ಮೂತಿಯನ್ನು ನೆಲಕ್ಕೆ ಒತ್ತಿದೆ. ಎಲ್ಲೋ ಕೇಳಿದ್ದ ಪದ್ಧತಿ. ಆಗ ಒಳಗಿನಿಂದ ಬಡಿದ ಸದ್ದು. ಸರೀರೆಪಾ. ಚಿಲಕ. ಬಾಗಿಲು ತೆರೆಯಿತು.

"ಒಂದ ಎಳಿ ತಪ್ಪಿತಂತ ಸೀರಿನ ಹರೀತಾರೇನು?" ಎಂದರು ಅಂಬಕ್ಕ. ಅವರು ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಸಿಟ್ಟು ಬಂದಾಗ ಮಗ್ಗದ ಮಾತು ಬರುತ್ತಿತ್ತು. ಸಜ್ಜಿಯನ್ನು ಬಿಡಿಸಿ ಎತ್ತಿಕೊಂಡರು. ನೆಲದ ಒದ್ದೆಯನ್ನು ನೋಡಿದರು. ಹೊಸ್ತಿಲನ್ನು ನೋಡಿದರು. ಮತ್ತೆ ಒದ್ದೆಯನ್ನು ನೋಡಿದರು.

"ಇದರದೇನ ತಪ್ಪಿಲ್ಲವಾ. ಇಲ್ಲೇ ಬೇವಿನ ಗಿಡ ಇತ್ತು."

"ಎಲ್ಲೆ?"

"ಇಲ್ಲೇ. ನಮ್ಮ ಬಾಗಲದ ಎಡಕ್ಕ. ಓಣ್ಯಾಗಿನ ನಾಯಿ ಎಲ್ಲಾ ಅದರ ಬುಡಕ್ಕ ಮಾಡತಿದ್ವು. ಇದಕ್ಕ ವಾಸನಿ ಹತ್ತೈತಿ."

ಅವರು ನಗುತ್ತಿರಲಿಲ್ಲ. ನಾನು ಗೋಡೆಯನ್ನು ನೋಡಿದೆ. ತಿಳಿ ಹಳದಿ ಡಿಸ್ಟೆಂಪರು, ಕೆಳಗೆ ಟೈಲ್ಸು, ಮೂಲೆಯಲ್ಲಿ ನೀರಿನ ಪೈಪು. ಪೈಪಿನ ತಂಪಿಗೆ ನಾಯಿಗಳು ಹೋಗುತ್ತವೆ ಎಂದುಕೊಂಡೆ. ಸಜ್ಜಿ ಅವರ ಕಂಕುಳಲ್ಲಿ ಕುಳಿತು ಗೋಡೆಯ ಮೇಲ್ಭಾಗವನ್ನು ನೋಡುತ್ತಿತ್ತು, ಮರದಲ್ಲಿ ಹಕ್ಕಿ ಕಂಡ ನಾಯಿ ನೋಡುವಂತೆ.

"ಗಿಡಾನ ಕೆಳಗ ಒಯ್ಯೂಣು," ಎಂದರು ಅಂಬಕ್ಕ.

ಹಾಗೆ ಶುರುವಾಯಿತು ಪಾಠ. ಒದ್ದೆಯನ್ನು ಅವರು ಹಳೆಯ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಾಂಪೌಂಡಿನ ಮೂಲೆಯಲ್ಲಿದ್ದ ಎಳೆಯ ಬೇವಿನ ಬುಡಕ್ಕೆ ಹಾಕಿಸಿದರು. ಮೇಲಿನ ಜಾಗವನ್ನು ನಿಂಬೆಹಣ್ಣು ಹಿಂಡಿದ ಬಿಸಿನೀರಿನಿಂದ ತೊಳೆಯುವುದು. ಉಂಡ ಮೇಲೆ, ಮಲಗಿ ಎದ್ದ ಮೇಲೆ ಮರಿಯನ್ನು ಎತ್ತಿಕೊಂಡೇ ಇಳಿಯುವುದು, ಬೇವಿನ ಬುಡ ಮುಟ್ಟುವ ತನಕ ಅದರ ಕಾಲು ನೆಲಕ್ಕೆ ತಾಗಬಾರದು. ಮಾಡಿದರೆ ಕೂಡಲೇ ಒಂದು ಚೂರು ರೊಟ್ಟಿ. ಮಾಡದಿದ್ದರೆ ಬೈಗುಳವಿಲ್ಲ. ಎಲ್ಲ ಸರಿ, ಒಂದು ಮಾತಿಗೆ ಮಾತ್ರ ನಾನು ಹಿಂಜರಿದೆ: ಹೊರಡುವ ಮುನ್ನ ನಾನೂ ನನ್ನ ಬಾಗಿಲನ್ನು ಒಳಗಿನಿಂದ ಬಡಿಯಬೇಕು.

"ನಾಯಿಗೆ ಅದೆಲ್ಲಾ ಹೆಂಗ ತಿಳೀತೈತ್ರಿ ಅಂಬಕ್ಕ?"

"ತಿಳೀತೈತಿ. ನಿನಗ ತಿಳೀಲಿಕ್ಕೆ ತಡಾ."

ನಾಚುತ್ತಲೇ ಬಡಿದೆ. ಪ್ಲೈವುಡ್ಡಿನ ಸದ್ದು ಪೊಳ್ಳು. ಆದರೆ ಸಜ್ಜಿ ಕಲಿಯಿತು. ಬಡಿತ ಕೇಳಿದರೆ ಬಾಗಿಲಿಗೆ ಬಂದು ನೆಟ್ಟಗೆ ನಿಲ್ಲುವುದು, ಬಡಿತವಿಲ್ಲದೆ ಬಾಗಿಲು ತೆರೆದರೂ ಹೊಸ್ತಿಲು ದಾಟದಿರುವುದು, ಹೊರಗೆ ಬಂದ ಮೇಲೆ ಬೇವಿನ ತನಕ ತಡೆಯುವುದು. ಬೆಳಿಗ್ಗೆ ಎದುರು ಮನೆಯ ಬಾಗಿಲಿನ ಬಡಿತ ಕೇಳಿದರೆ ಅದರ ಬಾಲ ನಮ್ಮ ಬಾಗಿಲಿಗೆ ತಾಗಿ ಟಕಟಕ ಎನ್ನುತ್ತಿತ್ತು. ಒಂದು ಬಾಗಿಲು ಕೇಳಿದ್ದಕ್ಕೆ ಇನ್ನೊಂದು ಓಗೊಟ್ಟ ಹಾಗೆ.

ದೀಪಾವಳಿಯ ಮುನ್ನಾದಿನ ದೇಸಾಯರು ಪರೀಕ್ಷೆಗೆ ಬಂದು ಕಾರಿಡಾರಿನಲ್ಲಿ ಕುರ್ಚಿ ಹಾಕಿ ಕುಳಿತರು. ಸಜ್ಜಿ ಹೊಟ್ಟೆ ತುಂಬ ನೀರು ಕುಡಿದಿತ್ತು. ಅವರೆದುರು ನಡುಗುತ್ತ ನಿಂತಿತು, ಹಳೆಯ ಜಾಗದ ಕಡೆ ಕತ್ತು ತಿರುಗಿಸಿತು. ಅಂಬಕ್ಕ ತಮ್ಮ ಬಾಗಿಲ ಮರೆಯಿಂದ ಒಮ್ಮೆ ಬಡಿದರು. ಸಜ್ಜಿ ಮೆಟ್ಟಿಲಿಳಿದು ಹೋಯಿತು.

"ಅಕ್ಕಾರ, ನಾಯಿಗೆ ಛಲೋ ಕಲಿಸೀರಿ ಬಿಡ್ರಿ," ಎಂದರು ದೇಸಾಯರು.

"ನಾಯಿಗಲ್ಲಪಾ. ಬಾಗಲಾಕ್ಕ ಕಲಿಸಾಕತ್ತೇನಿ. ಹೊರಗ ಮೆಟ್ಟಲಾ ಅದಾವು, ನೀರಿಲ್ಲ ಅಂತ."

ದೇಸಾಯರು ಜೋರಾಗಿ ನಕ್ಕರು. ಆದರೆ ಷರತ್ತು ಹಾಗೇ ಇತ್ತು: ಇನ್ನೊಂದು ಸಲ ಕಂಡರೆ ನಾಯಿ ತೋಟಕ್ಕೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಂಬಕ್ಕ ನನ್ನನ್ನೂ ಸಜ್ಜಿಯನ್ನೂ ಕರೆದುಕೊಂಡು ಹಳೇ ಊರಿಗೆ ಹೊರಟರು. ಆಟೊ ನಿಂತಲ್ಲಿಂದ ಒಣಗಿ ಬಿರಿದ ಕೆಸರಿನ ಮೇಲೆ ನಡೆದೆವು. ಅಲ್ಲಲ್ಲಿ ಪಾಯದ ಕಲ್ಲು, ಒಂದು ಒರಳು, ಸಿಂಪಿಯ ಚಿಪ್ಪು. ಯಾವುದು ಯಾರ ಮನೆ ಎಂದು ನನಗೆ ಕಾಣಲಿಲ್ಲ. ಅಂಬಕ್ಕ ಸೀದಾ ಒಂದು ಕಡೆ ಹೋಗಿ ಕಲ್ಲಿನ ಸಾಲಿನ ಒಳಬದಿಗೆ ನಿಂತರು. ಅಲ್ಲೊಂದು ಸಂದು ಇತ್ತು. ಬಾಗಿಲು ಕಿತ್ತುಕೊಂಡ ಜಾಗ. ಅವರು ಕೈ ಎತ್ತಿ ಗಾಳಿಯಲ್ಲಿ ಗೆಣ್ಣು ಆಡಿಸಿದರು.

"ಸರೀರೆಪಾ, ನಾವು ಬರಾಕತ್ತೇವಿ."

ಸದ್ದು ಬಂದಿರಲಾರದು. ಆದರೆ ಸಜ್ಜಿ ನೆಟ್ಟಗೆ ನಿಂತಿತು. ಅಂಬಕ್ಕ ಸಂದು ದಾಟಿ ಹೊರಗೆ ಬಂದರು. ಸಜ್ಜಿ ಅವರ ಎಡಗಡೆಯಿಂದ ಮುಂದೆ ಹೋಗಿ, ಕೆಸರಿನಲ್ಲಿ ಅರ್ಧ ಹೂತಿದ್ದ ಕರಿಯ ಬೊಡ್ಡೆಯೊಂದರ ಬಳಿ ಕುಳಿತು ಹೊಯ್ದಿತು. ಅದು ಬೇವಿನ ಬೊಡ್ಡೆಯೋ, ಹಳೆಯ ಯಾವುದೋ ಕಂಬದ ತುಂಡೋ ನಾನು ಹತ್ತಿರ ಹೋಗಿ ನೋಡಲಿಲ್ಲ. ಹೊಸ್ತಿಲಿನಿಂದ ಅಲ್ಲಿಗೆ ಎಷ್ಟು ದೂರವೆಂದು ಅಳೆಯಲೂ ಇಲ್ಲ. ನಮ್ಮ ಕಾರಿಡಾರಿನಲ್ಲಿಯೂ ಅಷ್ಟೇ ದೂರ ಎಂದು ಆಗ ಅನ್ನಿಸಿತ್ತು, ಅಷ್ಟೇ.

"ನಮ್ಮ ಮಣ್ಣು ಇಷ್ಟಕ್ಕರ ಉಪಯೋಗಕ್ಕ ಬಂತಲ್ಲ," ಎಂದು ಅಂಬಕ್ಕ ಸಜ್ಜಿಗೆ ರೊಟ್ಟಿಯ ಚೂರು ಕೊಟ್ಟರು.

ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಅಣ್ಣನ ಮಗ ಪರಶು ಇಳಕಲ್ಲಿಗೆ ಕರೆದೊಯ್ದ. ನಾನು ನೋಡಲು ಹೋದಾಗ ಒಳಕೋಣೆಯ ಮಂಚದ ಮೇಲೆ ಮಲಗಿದ್ದರು. ಗೋಡೆಯ ಆಚೆ ಪವರ್‌ಲೂಮು ಬಡಿಯುತ್ತಲೇ ಇತ್ತು. ಬಡಿತ ನಿಂತು ಶುರುವಾದಾಗೆಲ್ಲ ಅವರು ಕಣ್ಣು ತೆರೆಯುತ್ತಿದ್ದರು.

"ದಾರ್ಯಾಗ ಕುಂತೀಯಲ್ಲ ತಂಗಿ. ಸರದ ಕುಂಡ್ರು. ಯಾರೋ ಬರಾಕತ್ತಾರ."

ನಾನು ಸ್ಟೂಲನ್ನು ಸರಿಸಿಕೊಂಡೆ. ಪರಶು ನನ್ನತ್ತ ನೋಡಿ, "ದಿನಾ ಹಿಂಗ್ರಿ. ನಾವೂ ಸರೀತೇವಿ," ಎಂದ.

"ನಾಯಿ ಹೆಂಗೈತಿ?" ಎಂದು ಕೇಳಿದರು ಅಂಬಕ್ಕ.

"ಛಲೋ ಐತ್ರಿ. ದೊಡ್ಡದಾಗೈತಿ."

"ಯಾರು ಬಡದ್ರ ಏಳತೈತಿ?"

"ನಾ ಬಡದ್ರ ಏಳತೈತ್ರಿ."

ಅವರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದು ನಾನು ಎದ್ದೆ. "ನೀ ಬಡದ್ರ ಅಷ್ಟನಾ?" ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಶ್ರಾವಣದ ಮೊದಲೇ ಹೋದರು.

ಫ್ಲ್ಯಾಟು ಮಾರಾಟವಾಯಿತು. ಕೊಂಡವರಿಗೆ ಎಲ್ಲರ ಹಾಗಿನ ಬಾಗಿಲೇ ಬೇಕಿತ್ತು. ಪರಶು ಟೆಂಪೊ ತಂದ. ಬೆಳಗಿನಿಂದ ಸುತ್ತಿಗೆ, ಡ್ರಿಲ್ಲು. ನಾಲ್ಕು ಜನ ಬಾಗಿಲನ್ನು ಹೆಗಲ ಮೇಲೆ ಹೊತ್ತು, ತಿರುವಿನಲ್ಲಿ ಓರೆ ಮಾಡಿ, ಮೆಲ್ಲಗೆ ಇಳಿಸಿದರು. ಸದ್ದಿಗೆ ಹೆದರಿ ಸಜ್ಜಿ ಮಂಚದ ಕೆಳಗೆ ಹೊಕ್ಕಿತ್ತು. ಹೊರಗೆ ಹೋಗಿರಲೇ ಇಲ್ಲ. ಮಧ್ಯಾಹ್ನ ಎಲ್ಲ ನಿಂತ ಮೇಲೆ ನಾನು ನನ್ನ ಬಾಗಿಲು ಬಡಿದು ತೆರೆದೆ.

ಸಜ್ಜಿ ಬಂತು. ಕಾರಿಡಾರಿನ ನಡುವೆ ನಿಂತುಬಿಟ್ಟಿತು. ಎದುರಿಗೆ ಬಾಗಿಲಿಲ್ಲ, ಒಡೆದ ಇಟ್ಟಿಗೆಯ ದೊಡ್ಡ ಕಂಡಿ, ಒಳಗೆ ಖಾಲಿ ಪಡಸಾಲೆ. ಎಳೆದೆ, ಬರಲಿಲ್ಲ. ಎತ್ತಲು ಹೋದೆ, ನಾಲ್ಕೂ ಕಾಲು ನೆಲಕ್ಕೆ ನೆಟ್ಟಂತಿದ್ದವು. ಹಿಂಗಾಲು ನಡುಗುತ್ತಿದ್ದವು. ಬಾಲ ಕಾಲ ಸಂದಿಯಲ್ಲಿತ್ತು. ಕೆಲಸ ನೋಡಲು ಬಂದಿದ್ದ ದೇಸಾಯರು ಮೆಟ್ಟಿಲ ಬಳಿಯೇ ನಿಂತಿದ್ದರು.

"ಮೇಡಮ್ಮಾರ, ಇಲ್ಲೇ ಮಾಡತೈತಿ ಅನಸತೈತಿ ನೋಡ್ರಿ."

ನಾನು ಓಡಿಹೋಗಿ ಮತ್ತೆ ನನ್ನ ಬಾಗಿಲು ಬಡಿದೆ. ಸಜ್ಜಿ ಕಿವಿಯನ್ನೂ ಆಡಿಸಲಿಲ್ಲ. ಅದು ಹಳೆಯ ಜಾಗದತ್ತ ಒಂದು ಹೆಜ್ಜೆ ಇಟ್ಟಿತು, ಬೆನ್ನು ಬಗ್ಗಿಸಿತು. ತೋಟದ ಬಾವಿಯ ಬಳಿ ಸರಪಳಿಯಲ್ಲಿ ಅದನ್ನು ಕಟ್ಟಿದ ಹಾಗೆ ನನ್ನ ಕಣ್ಣಿಗೆ ಕಟ್ಟಿತು.

ಆಗ ಬಡಿತ ಕೇಳಿತು. ಪ್ಲೈವುಡ್ಡಿನದಲ್ಲ. ದಪ್ಪ ತೇಗದ ಮೇಲೆ ಗೆಣ್ಣಿನದು, ಸಾವಕಾಶದ್ದು.

ಸಜ್ಜಿ ಬೆನ್ನು ನೆಟ್ಟಗೆ ಮಾಡಿತು. ಕಂಡಿಯ ಮುಂದಿನಿಂದ ಹಾದು, ಒಂದು ಹನಿಯೂ ಬೀಳದಂತೆ ಮೆಟ್ಟಿಲಿಳಿಯಿತು.

"ಒಳಗ ಇನ್ನೂ ಯಾರರ ಅದಾರೇನ್ರಿ?" ಎಂದರು ದೇಸಾಯರು, ಕಂಡಿಯತ್ತ ನೋಡುತ್ತ. ಆಮೇಲೊಮ್ಮೆ ನೆನಪಿಸಿದಾಗ, ತಾವು ಹಾಗೆ ಅಂದೇ ಇಲ್ಲ ಎಂದರು. ಅವರ ನೆನಪೂ ನನ್ನ ನೆನಪಿನ ಹಾಗೆಯೇ ಇರಬಹುದು.

ನಾನು ಹಿಂದೆಯೇ ಇಳಿದೆ. ಕೆಳಗೆ ಬಾಗಿಲನ್ನು ಟೆಂಪೊಗೆ ಏರಿಸುವಾಗ ತಾಗಿದ ಸದ್ದಿರಬೇಕು ಎಂದು ಮೆಟ್ಟಿಲು ಮೆಟ್ಟಿಲಿಗೂ ಹೇಳಿಕೊಳ್ಳುತ್ತಿದ್ದೆ. ಗೇಟಿನ ಬಳಿ ಟೆಂಪೊ ಇರಲಿಲ್ಲ.

"ಅದು ಆಗಲೇ ಹೋತಲ್ರಿ. ಅವರು ಊಟಕ್ಕ ಮದಲ ಹೋದ್ರು," ಎಂದ ವಾಚ್‌ಮನ್. ಅವನು ಹೊತ್ತು ಗೊತ್ತು ಹೇಳುವುದರಲ್ಲಿ ಅಷ್ಟೇನೂ ಗಟ್ಟಿಗನಲ್ಲ.

ಬೇವಿನ ಬುಡದಲ್ಲಿ ಸಜ್ಜಿ ಬಹಳ ಹೊತ್ತು ಕುಳಿತಿತ್ತು. ಬೆಳಗಿನಿಂದ ತಡೆದದ್ದಲ್ಲವೆ. ಕಿಸೆಯಲ್ಲಿದ್ದ ರೊಟ್ಟಿಯ ಚೂರು ಕೊಟ್ಟೆ. ಇಬ್ಬರೂ ಮೆಟ್ಟಿಲು ಹತ್ತತೊಡಗಿದೆವು. ಎರಡನೆಯ ಮಹಡಿಯ ತಿರುವಿನಲ್ಲಿ ಸಜ್ಜಿ ನಿಂತು ಮೇಲೆ ನೋಡಿತು. ಮೆಟ್ಟಿಲು ಖಾಲಿ. ಬಾಲ ಒಮ್ಮೆ ಕಂಬಿಗೆ ತಾಗಿ ಟಕ್ ಎಂದಿತು. ಆಮೇಲೆ ಅದು, ಇಳಿದು ಬರುವ ವಯಸ್ಸಾದವರಿಗೆ ದಾರಿ ಬಿಡುವ ಹಾಗೆ, ಗೋಡೆಯ ಬದಿಗೆ ಸರಿದು ಮೈ ಒತ್ತಿ ನಿಂತಿತು.

ನಾನೂ ಸರಿದು ನಿಂತೆ.