ನುಂಗಿದ ರೊಟ್ಟಿ

ಪವಾಡದ ಮಾತೆತ್ತಿದರೆ ನಗುವವಳು ನಾನು. ದರ್ಶನ ಕಂಡೆ, ದನಿ ಕೇಳಿದೆ ಎಂದು ಯಾರಾದರೂ ಸಭೆಯಲ್ಲಿ ಸಾಕ್ಷಿ ಹೇಳಿದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಆದರೆ ಕಣ್ಣಾರೆ ಕಂಡದ್ದನ್ನು ಏನು ಮಾಡಲಿ? ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಔರಾದ ತಾಲೂಕಿನ ಡಾಬಕಾದಲ್ಲಿದ್ದ ನಮ್ಮ ಪುಟ್ಟ ದೇವಾಲಯಕ್ಕೆ ಮೈಸೂರು ಕಡೆಯ ಪಾದ್ರಿಯೊಬ್ಬರು ಬಂದಿದ್ದರು. ಒಳ್ಳೆಯವರೇ, ಆದರೆ ಬಲು ಕಟ್ಟುನಿಟ್ಟು. ನನ್ನ ಗಂಡ ದೀಕ್ಷಾಸ್ನಾನ ಪಡೆದು ವರ್ಷ ತುಂಬಿರಲಿಲ್ಲ. ಯೇಸುವನ್ನು ನಂಬಿದ್ದು ನಿಜ. ಸಂತೆಯ ದಿನ ಈಚಲು ಮರದ ಸಿಂಧಿ ಕುಡಿಯುವುದನ್ನು ಬಿಟ್ಟಿರಲಿಲ್ಲ, ಅದೂ ನಿಜ. ಕುಡಿದು ಬಂದಾಗ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಆ ಅಳು ಊರಿಗೆ ಗೊತ್ತಿರಲಿಲ್ಲ.

ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನದ ಹಿಂದಿನ ದಿನ ಪಾದ್ರಿಗಳು ಮನೆಗೇ ಬಂದರು.

"ನಡತೆ ಶುದ್ಧವಾಗಿಲ್ಲ ಅಂದ್ರೆ ರಕ್ಷಣೆಯೇ ಆಗಿಲ್ಲ ಅಂತ ಅರ್ಥ ಕಣಮ್ಮ. ನಾಳೆ ಇವರಿಗೆ ರೊಟ್ಟಿ ಕೊಡೋದಿಲ್ಲ."

ಇವರು ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿಯಿತು.

"ಕೂಸು ಹುಟ್ಟಿದ ಮ್ಯಾಲೇ ಅದಕ್ಕ ನೀರು ಹಾಕ್ತೇವ್ರಿ ಪಾದ್ರಿ ಸಾಹೇಬ್ರ. ತೊಳಕೊಂಡು ಬಾ, ಆಮ್ಯಾಲ ಹಡೀತೇನಿ ಅಂತ ಯಾವ ತಾಯಿ ಅಂತಾಳ್ರಿ?"

ಅವರು ಎದ್ದು ಹೋದರು. ಮರುದಿನ ನಾನೇ ಹಟ ಹಿಡಿದು ಗಂಡನನ್ನು ಕಳಿಸಿದೆ.

ಗಂಡಸರ ಸಾಲಿನ ತುದಿಯಲ್ಲಿ ಇವರು ಮೊಣಕಾಲೂರಿ ಅಂಗೈ ಚಾಚಿದ್ದರು. ಹೆಂಗಸರ ಕಡೆ ಕೂತಿದ್ದ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಪಾದ್ರಿಗಳು ಪಕ್ಕದವನಿಗೆ ಕೊಟ್ಟು, ಇವರನ್ನು ದಾಟಿ, ತಟ್ಟೆ ಇಡಲು ತಿರುಗಿದರು. ಇವರ ಅಂಗೈ ಬರಿದಾಗಿಯೇ ಇತ್ತು. ಅವಮಾನದಿಂದ ನನ್ನ ಕಣ್ಣು ತುಂಬಿತು. ಒರೆಸಿಕೊಂಡು ನೋಡಿದರೆ ಆ ಅಂಗೈಯಲ್ಲಿ ರೊಟ್ಟಿಯ ತುಂಡು. ಹತ್ತಿರ ಯಾರೂ ಸುಳಿದಿರಲಿಲ್ಲ. ಇವರೇ ಹೆದರಿದ್ದರು. ಹೆದರುತ್ತಲೇ ಬಾಯಿಗಿಟ್ಟುಕೊಂಡರು.

"ಯಾರು ಕೊಟ್ಟರು? ಉಗುಳಿ!" ಪಾದ್ರಿಗಳು ಕೂಗಿದರು.

ನಾನು ಎದ್ದು ನಿಂತೆ. "ಉಗುಳಬ್ಯಾಡ್ರಿ. ನುಂಗ್ರಿ."

ನುಂಗಿದರು.

ಆಮೇಲೆ ವಿಚಾರಣೆ ನಡೆಯಿತು. ಪಕ್ಕದವನು ತನ್ನ ಪಾಲನ್ನು ಆಗಲೇ ತಿಂದಿದ್ದ. ರೊಟ್ಟಿ ತಂದವರು, ಮುರಿದವರು, ಹಂಚಿದವರು ಪಾದ್ರಿಗಳೊಬ್ಬರೇ. ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ನಾನು ಕೊಡಲಿಲ್ಲಮ್ಮ" ಎಂದರು. ಅವರ ದನಿ ಸಣ್ಣಗಾಗಿತ್ತು.

"ಗೊತ್ತದರಿ. ನೋಡೀನಿ" ಎಂದೆ.

ಅಂದಿನಿಂದ ಕುಡಿತ ಬಿಟ್ಟರು ಎಂದು ಬರೆದರೆ ನಿಮಗೆ ಹಿತವಾಗಬಹುದು. ಇಲ್ಲ, ಮುಂದಿನ ಸಂತೆಗೇ ಕುಡಿದು ಬಂದರು. ಬಿಡುವುದು, ಬೀಳುವುದು, ಮತ್ತೆ ಬಿಡುವುದು, ಹೀಗೆ ವರ್ಷಗಳೇ ಹಿಡಿದವು. ಸಿಂಧಿ ಹೇಗೆ ಬಿಟ್ಟಿತೆಂದು ಕೇಳಿ, ದಿನದಿನದ್ದೂ ಹೇಳುತ್ತೇನೆ. ರೊಟ್ಟಿ ಹೇಗೆ ಬಂತೆಂಬುದು ನನಗೆ ಇಂದಿಗೂ ತಿಳಿಯದು. ಕುಡುಕನ ಕೈಗೆ ಅದು ಬರಬಾರದಿತ್ತು ಎನ್ನುವವರು ಈಗಲೂ ಇದ್ದಾರೆ. ಅನ್ನಲಿ. ಬಂದದ್ದು ಇವರು ಕುಡುಕರಾಗಿದ್ದಾಗಲೇ.