ಬಾನೆಟ್ಟಿನ ಮೇಲೆ ಎರಡು ಸಲ

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಒಂದು ಕಾಲದಲ್ಲಿ ನಗು ಬರುತ್ತಿತ್ತು. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹುಣಸೆಮರದಲ್ಲಿ ಏನೋ ಕಂಡೆ ಎಂದು ಬರುವ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಅದರ ತೂಕ ಎಷ್ಟಿತ್ತು, ಉಸಿರಾಡುತ್ತಿತ್ತೋ ಇಲ್ಲವೋ ಎಂದು ಕೇಳಿ ಗೋಳು ಹೊಯ್ದುಕೊಳ್ಳುತ್ತಿದ್ದೆ. ಈಗಲೂ ನಾನು ದೆವ್ವ ಭೂತ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಯುಗಾದಿಯ ಮಾರನೇ ದಿನ ತರೀಕೆರೆ ರಸ್ತೆಯಲ್ಲಿ ನಡೆದದ್ದನ್ನು ಮಾತ್ರ ಯಾವ ಪಾಠದೊಳಗೆ ಸೇರಿಸಲಿ ಎಂದು ಇನ್ನೂ ಗೊತ್ತಾಗಿಲ್ಲ. ಓದಿದವರು ನಕ್ಕರೆ ನನಗೆ ಬೇಸರವಿಲ್ಲ.

ಮೊದಲು ನಮ್ಮಣ್ಣನ ವಿಷಯ ಹೇಳಬೇಕು. ಕಡೂರಿನಲ್ಲಿ ಅವನದೊಂದು ಸಣ್ಣ ಶೆಡ್ ಇತ್ತು. ಡೀಸೆಲ್ ಪಂಪು, ಇಂಜೆಕ್ಟರುಗಳ ಕೆಲಸ. ಪಂಚನಹಳ್ಳಿ ಕಡೆಯ ರೈತರು ಟಿಲ್ಲರು, ಟ್ರ್ಯಾಕ್ಟರು ತಂದು ನಿಲ್ಲಿಸುತ್ತಿದ್ದರು, ಅವನು ಬಯ್ಯುತ್ತಾ ರಿಪೇರಿ ಮಾಡುತ್ತಿದ್ದ. ಅವನ ಬೈಗುಳಕ್ಕೆ ಮುಖ್ಯ ಕಾರಣ ಬಟ್ಟೆ. ನಮ್ಮ ಕಡೆ ಡೀಸೆಲನ್ನು ಕ್ಯಾನಿನಲ್ಲಿ ತಂದಿಟ್ಟುಕೊಂಡು, ಲಾಳಿಕೆಯ ಬಾಯಿಗೆ ಹಳೇ ಪಂಚೆಯ ತುಂಡು ಹಾಕಿ ಸೋಸಿ ಸುರಿಯುವುದು ರೂಢಿ. ಕಾಫಿ ಸೋಸಿದ ಹಾಗೆ ಶುದ್ಧವಾಗುತ್ತದೆ ಎಂಬ ನಂಬಿಕೆ. ಆ ಬಟ್ಟೆಯ ಎಳೆಯೇ ಒಳಗೆ ಹೋಗಿ ಪಂಪಿಗೆ ಮೃತ್ಯು ಎಂದು ಅಣ್ಣ ಎಷ್ಟು ಸಲ ಹೇಳಿದರೂ ಯಾರೂ ಬಿಟ್ಟವರಲ್ಲ.

ಅವನ ಬಳಿ ಒಂದು ಹಳೆಯ ಟರ್ಬೊ ಡೀಸೆಲ್ ಕಾರಿತ್ತು. ಯಾರೋ ಸಾಕಾಗಿ ಬಿಟ್ಟುಹೋದದ್ದನ್ನು ತಗೊಂಡು ಮಗುವಿನ ಹಾಗೆ ನೋಡಿಕೊಂಡಿದ್ದ. ನಾನು ಕಾರು ಕಲಿತದ್ದು ಅದರಲ್ಲೇ. ಕಲಿಸುವಾಗ ಅವನು ಮೇಷ್ಟ್ರು, ನಾನು ದಡ್ಡ ಹುಡುಗಿ. ಹತ್ತಿದ ಕೂಡಲೇ ಜೋರಾಗಿ ಓಡಿಸಬಾರದು, ನಿಲ್ಲಿಸಿದ ಕೂಡಲೇ ಆಫ್ ಮಾಡಬಾರದು. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಓಡಿ ಬಂದ ಮನುಷ್ಯನ ಹಾಗೆ, ಸ್ವಲ್ಪ ಸುಧಾರಿಸಿಕೊಳ್ಳಲು ಬಿಡಬೇಕು ಎನ್ನುತ್ತಿದ್ದ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕು ಇಂಜಿನ್ ನಿಂತರೆ ಏನು ಮಾಡಬೇಕು ಎಂಬುದನ್ನೂ ಕಲಿಸಿದ್ದ. ಬಾನೆಟ್ಟಿನ ಕೆಳಗೆ, ಮುಷ್ಟಿಯಲ್ಲಿ ಹಿಡಿಯುವಂಥ ರಬ್ಬರಿನ ಕೈಪಂಪು ಇರುತ್ತದೆ. ಅದನ್ನು ಒತ್ತುತ್ತಾ ಹೋದರೆ ಗಾಳಿ ಹೊರಟು ಡೀಸೆಲ್ ತುಂಬಿ ಅದು ಗಟ್ಟಿಯಾಗುತ್ತದೆ. ಆಗ ಇನ್ನೊಬ್ಬರು ಒಳಗೆ ಕೂತು ಕೀಲಿ ತಿರುಗಿಸಬೇಕು. ಒತ್ತುವ ಕೆಲಸ ಅವನದು, ಕೀಲಿ ನನ್ನದು. ಬಾನೆಟ್ ಎತ್ತಿರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಪಂಪು ಗಟ್ಟಿಯಾದಾಗ ಅವನು ಬಾನೆಟ್ಟಿನ ತಗಡಿಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದ. ಅಂದರೆ, ಹೊಡಿ ಸೆಲ್ಫು, ಕೀಲಿ ತಿರುಗಿಸು.

ಆ ವರ್ಷ ಕಾರಿಗೆ ಒಂದು ರೋಗ ಹಿಡಿಯಿತು. ಚೆನ್ನಾಗಿ ಓಡುತ್ತಿದ್ದದ್ದು ಏರು ಬಂದ ಕೂಡಲೇ ಶಕ್ತಿ ಕಳೆದುಕೊಂಡು, ಎರಡು ಜಗ್ಗು ಜಗ್ಗಿ ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟು ಪಂಪು ಒತ್ತಿದರೆ ಏನೂ ಆಗದವರ ಹಾಗೆ ಹೊರಡುವುದು. ಟರ್ಬೊ ಹೋಗಿದೆ, ಬದಲಾಯಿಸಿ ಎಂದು ತರೀಕೆರೆಯ ಗ್ಯಾರೇಜಿನವರು ಹೇಳಿದರು. ಅಣ್ಣ ಒಪ್ಪಲಿಲ್ಲ. ಟರ್ಬೊ ಕೆಟ್ಟರೆ ಹೊಗೆಯೇ ಹೇಳುತ್ತದೆ, ಇದಕ್ಕೆ ಡೀಸೆಲ್ ಹೊಟ್ಟೆಗೆ ಸಾಲುತ್ತಿಲ್ಲ ಅಷ್ಟೆ ಎಂದ. ಫಿಲ್ಟರ್ ಬದಲಾಯಿಸಿದ, ಪೈಪುಗಳ ಕ್ಲಿಪ್ಪು ಬಿಗಿ ಮಾಡಿದ. ಆದರೂ ನಿಂತಿತು. ಟ್ಯಾಂಕ್ ಇಳಿಸಿ ನೋಡು ಎಂದು ನಾನು ಹೇಳಿದರೆ ಮಾತ್ರ, ನೋಡೋಣ ಬಿಡು, ನೋಡೋಣ ಬಿಡು ಎಂದು ಮುಂದಕ್ಕೆ ಹಾಕುತ್ತಿದ್ದ. ಊರಿನವರ ಇಂಜಿನ್ನುಗಳ ಹೊಟ್ಟೆನೋವು ಬಲ್ಲವನು ತನ್ನ ಕಾರಿನ ವಿಷಯದಲ್ಲಿ ಯಾಕೆ ಹೀಗೆ ಮಾಡುತ್ತಾನೆ ಎಂದು ನಾನು ರೇಗಿಸಿದ್ದೂ ಉಂಟು.

ಆಮೇಲೆ ಒಂದು ಬೆಳಿಗ್ಗೆ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಶಿವಮೊಗ್ಗದ ಆಸ್ಪತ್ರೆಯವರು ಕೆಲವು ದಿನ ಇಟ್ಟುಕೊಂಡು, ಇನ್ನು ನಮ್ಮ ಕೈಲಾಗುವುದು ಏನೂ ಉಳಿದಿಲ್ಲ ಎಂದು ಕಳಿಸಿದರು. ಅತ್ತಿಗೆಯ ತವರು ತರೀಕೆರೆ. ಅಲ್ಲೇ ಒಂದು ಸಣ್ಣ ಆಸ್ಪತ್ರೆಯಲ್ಲಿ ಮಲಗಿಸಿದೆವು. ಓಡಾಡಲು ಬೇಕಾಗುತ್ತದೆಂದು ಕಾರು ನನ್ನ ಬಳಿ ಉಳಿಯಿತು. ಅಪ್ಪ ತೀರಿಕೊಂಡಾಗಿನಿಂದ ನನ್ನನ್ನು ಸಾಕಿ ಓದಿಸಿದವನು ಅವನು. ಹೋಗುವ ಗಳಿಗೆಯಲ್ಲಿ ನಾನು ಅವನ ಹತ್ತಿರ ಇರಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿತ್ತು.

ಯುಗಾದಿಯ ಮಾರನೇ ದಿನ ಹೊಸತೊಡಕು. ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. ಉಸಿರು ಒಂಥರಾ ಆಗಿದೆ, ಡಾಕ್ಟರು ಹತ್ತಿರದವರನ್ನೆಲ್ಲ ಕರೆಸಿ ಅಂದರು ಎಂದರು. ನಾನು ಇದ್ದ ಸೀರೆಯಲ್ಲೇ ಹೊರಟೆ. ಹೊಸತೊಡಕಿನ ದಿನ ನಮ್ಮ ಕಡೆ ರಸ್ತೆಗೆ ಯಾರೂ ಬರುವುದಿಲ್ಲ. ಎಲ್ಲರ ಮನೆಯಲ್ಲೂ ಮಾಂಸದೂಟ, ಊಟ ಮುಗಿದ ಮೇಲೆ ಜಗಲಿಯಲ್ಲಿ ಇಸ್ಪೀಟು, ಇಲ್ಲವೇ ನಿದ್ದೆ. ಗ್ಯಾರೇಜುಗಳಿಗೂ ಬೀಗ.

ಅಜ್ಜಂಪುರ ಬಿಟ್ಟು ಅರ್ಧ ದಾರಿಯೂ ಆಗಿರಲಿಲ್ಲ. ಈರುಳ್ಳಿ ಕಿತ್ತು ಬಯಲಾಗಿದ್ದ ಹೊಲಗಳ ನಡುವೆ ಒಂದು ಸಣ್ಣ ಏರು. ಕಾರು ಅಲ್ಲಿ ಜಗ್ಗಿತು, ನಿಂತಿತು. ಫೋನು ತೆಗೆದರೆ ಸಿಗ್ನಲ್ ಇಲ್ಲ. ಬಾನೆಟ್ ಎತ್ತಿ ಪಂಪು ಒತ್ತಿದೆ. ಗಟ್ಟಿಯಾಗುತ್ತಿತ್ತು. ಓಡಿ ಬಂದು ಕೂತು ಕೀಲಿ ತಿರುಗಿಸುವಷ್ಟರಲ್ಲಿ ಡೀಸೆಲ್ ಹಿಂದಕ್ಕೆ ಇಳಿದು ಪಂಪು ಮತ್ತೆ ಮೆತ್ತಗಾಗುತ್ತಿತ್ತು. ಮತ್ತೆ ಒತ್ತಿದೆ, ಮತ್ತೆ ಓಡಿ ಬಂದೆ. ಹೀಗೆ ಎಷ್ಟು ಸಲವೋ. ಬ್ಯಾಟರಿ ಸೋಲುತ್ತಾ ಬಂತು. ಇಬ್ಬರು ಬೇಕಾದ ಕೆಲಸ ಅದು, ನಾನು ಒಬ್ಬಳೇ ಇದ್ದೆ.

ಕೊನೆಗೆ ಸೀಟಿನಲ್ಲಿ ಕೂತು ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತೆ. ಅಣ್ಣ ಅಲ್ಲಿ ಸಾಯುತ್ತಿದ್ದಾನೆ, ಅವನ ಕಾರೇ ನನ್ನನ್ನು ಇಲ್ಲಿ ಹಿಡಿದುಕೊಂಡಿದೆ ಎಂದು ಹೊಟ್ಟೆ ಉರಿದುಹೋಯಿತು. ಎಷ್ಟು ಹೊತ್ತು ಅತ್ತೆನೋ ತಿಳಿಯದು.

ಆಗ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದ ಸದ್ದು ಕೇಳಿಸಿತು.

ನಾನು ತಲೆ ಎತ್ತಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. ಇಷ್ಟು ವರ್ಷಗಳ ಅಭ್ಯಾಸ, ಕೈ ತಾನಾಗಿ ಕೀಲಿ ತಿರುಗಿಸಿತು. ಸೋತಿದ್ದ ಬ್ಯಾಟರಿಯಲ್ಲೇ ಇಂಜಿನ್ ಒಂದೇ ಏಟಿಗೆ ಶುರುವಾಯಿತು. ತಟ್ಟಿದ್ದು ಯಾರು ಎಂಬ ಯೋಚನೆ ಆಮೇಲೆ ಬಂತು. ಇಳಿದು ಮುಂದೆ ಹೋದೆ. ಯಾರೂ ಇರಲಿಲ್ಲ. ರಸ್ತೆ ಎರಡೂ ಕಡೆ ಬಿಸಿಲಿಗೆ ಖಾಲಿ ಬಿದ್ದಿತ್ತು, ಹೊಲಗಳಲ್ಲಿ ಒಬ್ಬ ಮನುಷ್ಯ ಅಡಗುವಷ್ಟು ಮರೆ ಇರಲಿಲ್ಲ. ಪಂಪು ಮುಟ್ಟಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಾನೆಟ್ ಇಳಿಸಿ ಹೊರಟೆ. ತರೀಕೆರೆಯವರೆಗೆ ಒಂದು ಏರಿನಲ್ಲೂ ಅದು ನಿಲ್ಲಲಿಲ್ಲ.

ಆಸ್ಪತ್ರೆಯ ಮುಂದೆ ಅಷ್ಟು ಅವಸರದಲ್ಲೂ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಕೂತಿದ್ದೆ. ಅವನ ಮಾತು ಮೀರಲು ಮನಸ್ಸು ಬರಲಿಲ್ಲ.

ಅಣ್ಣ ಇದ್ದ. ಕಣ್ಣು ಅರ್ಧ ತೆರೆದಿತ್ತು. ಅತ್ತಿಗೆ ಬಾಗಿಲಲ್ಲೇ ನನ್ನನ್ನು ತಡೆದು ತಗ್ಗಿದ ದನಿಯಲ್ಲಿ ಹೇಳಿದರು:

"ಎಲ್ ಉಳ್ಕಂಡ್ಬಿಟ್ಟಿದ್ಯೆ? ಇವ್ರು ನೋಡು, ಎಡಗೈಲಿ ಮಂಚದ ಕಂಬಿ ತಟ್ತಾನೇ ಇದ್ರು. ಎರಡ್ ಸಲ ತಟ್ಟೋದು, ಸುಮ್ಕಾಗೋದು. ನೀರು ಬೇಕಾ ಅಂದೆ, ಮಗ್ಗುಲು ತಿರುಗಿಸ್ಲಾ ಅಂದೆ, ಏನ್ ಕೇಳಿದ್ರೂ ಇಲ್ಲ ಅಂತ ತಲೆ ಆಡಿಸ್ತಾರೆ. ಈಗ ಸ್ವಲ್ಪ ಹೊತ್ತಾಯ್ತು ನಿಲ್ಲಿಸಿ."

ಹತ್ತಿರ ಹೋಗಿ ಅವನ ಕೈ ಹಿಡಿದುಕೊಂಡೆ. "ಅಣ್ಣ, ತಟ್ಟಿದ್ದು ನೀನೇನೋ?" ಎಂದು ಕೇಳಿದೆ. ಅವನ ಕಣ್ಣಿಂದ ನೀರು ಇಳಿಯಿತು. ಲಕ್ವ ಹೊಡೆದಂದಿನಿಂದಲೂ ಅವನ ಕಣ್ಣು ಸುರಿಯುತ್ತಲೇ ಇದ್ದುದರಿಂದ ಅದನ್ನು ಉತ್ತರ ಎಂದು ನಾನು ಹೇಳಲಾರೆ. ಆದರೆ ನನ್ನ ಬೆರಳುಗಳನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ಮೂಗಿನ ಹತ್ತಿರ ಎಳೆದುಕೊಂಡ. ನನ್ನ ಕೈಯೆಲ್ಲ ಡೀಸೆಲ್ ವಾಸನೆ. ಹಾಗೇ ಹಿಡಿದುಕೊಂಡು ಕಣ್ಣು ಮುಚ್ಚಿದ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ. ಕೈ ಬಿಡಿಸಿಕೊಳ್ಳುವಾಗ ನನಗೆ ಆದ ಸಂಕಟವನ್ನು ನಾನು ಬರೆಯಲಾರೆ.

ಕಾದ ತಗಡು ತಣ್ಣಗಾಗುವಾಗ ಟಕ್ ಎನ್ನುತ್ತದೆ, ಅದನ್ನು ನಾನೇ ಎಂಟನೇ ಕ್ಲಾಸಿಗೆ ಹೇಳಿಕೊಡುತ್ತೇನೆ. ಕಾಯಿಲೆಯವರು ಅರಿವಿಲ್ಲದೆ ಕೈ ಆಡಿಸುವುದೂ ಉಂಟು. ಎರಡನ್ನೂ ಬೇರೆ ಬೇರೆಯಾಗಿ ಒಪ್ಪಬಲ್ಲೆ. ಒಟ್ಟಿಗೆ ಇಟ್ಟಾಗ ನನ್ನ ವಿದ್ಯೆ ಸಾಲುವುದಿಲ್ಲ.

ತಿಥಿ ಎಲ್ಲ ಮುಗಿದ ಮೇಲೆ ಕಾರನ್ನು ಕಡೂರಿಗೆ ಒಯ್ದೆ. ಅಣ್ಣನ ಜೊತೆ ಅದೇ ಶೆಡ್ಡಿನಲ್ಲಿ ದುಡಿದ ಸಿದ್ದೇಶ ಟ್ಯಾಂಕ್ ಇಳಿಸಿದ. ಒಳಗಿಂದ ಒಂದು ಬಟ್ಟೆಯ ತುಂಡು ಹೊರಗೆ ಬಂತು. ಏರಿನಲ್ಲಿ ಅದು ಡೀಸೆಲ್ ಎಳೆಯುವ ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತಿತ್ತು. ಆಗ ಇಂಜಿನ್ ಡೀಸೆಲ್ ಸಿಗದೆ, ಸಡಿಲವಾಗಿದ್ದ ಒಂದು ಜೋಡಣೆಯಿಂದ ಗಾಳಿ ಎಳೆದುಕೊಂಡು ನಿಲ್ಲುತ್ತಿತ್ತು. ತೊಳೆದು ಹಿಂಡಿದಾಗ ಹಸಿರು ಚೌಕಳಿ ಕಾಣಿಸಿತು. ಅಣ್ಣ ಯಾವಾಗಲೂ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಟವೆಲಿನ ತುಂಡು ಅದು.

ಊರಿಗೆಲ್ಲ ಬಟ್ಟೆ ಹಾಕಬೇಡಿ ಎಂದು ಬಯ್ದವನು ತನ್ನ ಟ್ಯಾಂಕಿಗೆ ಯಾಕೆ ಹಾಕಿದ ಎಂದು ನಾನು ಕೇಳಿದೆ. ಸಿದ್ದೇಶ ಬಟ್ಟೆಯನ್ನೇ ನೋಡುತ್ತಾ ನಿಂತಿದ್ದ.

"ಸೋಸೋಕಲ್ಲ ಅಕ್ಕ. ಕ್ಯಾನ್ ಹಿಡ್ಕಳೋಕ್ ಆಯ್ತಿರ್ಲಿಲ್ಲ ಅವ್ರಿಗೆ. ಲಾಳಿಕೆ ಅಲ್ಲಾಡ್ದಂಗೆ ಬಟ್ಟೆ ಸುತ್ತಿ ಸಿಗಿಸೋರು, ಅದೇ ಜಾರಿರ್ಬೇಕು. ಕೈಲಿ ಸ್ಪ್ಯಾನರ್ ನಿಲ್ತಿರ್ಲಿಲ್ಲ ಕಣಕ್ಕ, ಆಗ್ಲೇ. ತಂಗಿಗೆ ಹೇಳ್ಬೇಡ ಅಂದಿದ್ರು."

ಅಷ್ಟು ತಿಂಗಳು ಟ್ಯಾಂಕ್ ಇಳಿಸಲು ಅವನು ಯಾಕೆ ಒಪ್ಪಲಿಲ್ಲ ಎಂಬುದು ಆಗ ನನಗೆ ತಿಳಿಯಿತು. ಕಾರಿನ ರೋಗ ತಿಳಿದಿದ್ದರೆ ಅವನ ರೋಗವೂ ನಮಗೆ ತಿಳಿಯುತ್ತಿತ್ತು. ಕಾಲ ಮೀರಿರುತ್ತಿರಲಿಲ್ಲವೇನೋ. ಅಲ್ಲೇ ಟೈರಿನ ಮೇಲೆ ಕೂತುಬಿಟ್ಟೆ.

ಸಿದ್ದೇಶ ಪೈಪುಗಳನ್ನು ಜೋಡಿಸುತ್ತಾ, ಹೊಸತೊಡಕಿನ ದಿನ ದಾರಿಯಲ್ಲಿ ನಿಂತಿತ್ತಂತಲ್ಲ, ಹೇಗೆ ಬಂದಿರಿ ಎಂದು ವಿಚಾರಿಸಿದ. ಪಂಪು ಒತ್ತಿ ಬಂದೆ ಎಂದೆ. ಅವನು ಕೆಲಸ ನಿಲ್ಲಿಸಿದ.

"ಈ ಜಾಯಿಂಟ್ ಇಷ್ಟು ಸಡ್ಲ ಐತೆ. ಒತ್ತಿ ಕೈ ಬಿಟ್ಟೇಟ್ಗೆ ಇಳಿದೋಯ್ತದೆ. ಒಬ್ರ ಕೈಲಿ ಆಗೋ ಕೆಲ್ಸ ಅಲ್ಲ ಅಕ್ಕ ಇದು. ಒತ್ತಿದ್ಯಾರು?"

ಮಕ್ಕಳಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಬೇಕು ಎಂದು ಕಲಿಸುವವಳು ನಾನು. ಆ ದಿನ ಅಣ್ಣ ತರೀಕೆರೆಯಲ್ಲಿ ಮಲಗಿದ್ದ ಎಂಬುದು ಸಿದ್ದೇಶನಿಗೂ ಗೊತ್ತಿತ್ತು. ಆದರೂ ನನ್ನ ಬಾಯಲ್ಲಿ ಬೇರೆ ಉತ್ತರ ಬರಲಿಲ್ಲ.

"ಅಣ್ಣ" ಎಂದೆ.

ಸಿದ್ದೇಶ ಆ ಬಟ್ಟೆಯ ತುಂಡನ್ನು ಇನ್ನೊಮ್ಮೆ ಹಿಂಡಿ, ಬಿಸಿಲಿಗೆ ಬಾನೆಟ್ಟಿನ ಮೇಲೆ ಹರವಿ ಹಾಕಿದ.